ಘಾಟಿ ಇಳಿಯುವ ಗಾಡಿಗೆ ಹತ್ತಿರದಲ್ಲೇ ಎಫ್‌ಸಿ ಕೇಂದ್ರ ಬೇಕು

ಮಾನ್ಯ ಸಂಪಾದಕರೇ,

ಎಫ್‌ಸಿ, ಅಂದರೆ ಗಾಡಿ ಓಡಲು ಯೋಗ್ಯ ಎನ್ನುವ ಫಿಟ್‌ನೆಸ್ ಸರ್ಟಿಫಿಕೇಟ್ ಪರೀಕ್ಷೆಯ ದಿನ ಹತ್ತಿರ ಬಂತೆಂದರೆ ನಮ್ಮ ಕಡೆ ಗಾಡಿಗಳು ಮೊದಲು ಹೋಗುವುದು ಪೇಂಟರ್ ಹತ್ತಿರ. ಆಮೇಲೆ ರಿಫ್ಲೆಕ್ಟರ್ ಸ್ಟಿಕ್ಕರ್ ಅಂಗಡಿಗೆ. ನಂತರ ಎಮಿಷನ್ ಟೆಸ್ಟ್, ಇನ್ಶೂರೆನ್ಸ್, ಟ್ಯಾಕ್ಸ್. ಬ್ರೇಕ್ ಕೆಲಸದವನ ಹತ್ತಿರ ಬರುವುದು ಎಲ್ಲಕ್ಕಿಂತ ಕೊನೆಗೆ, ಅದೂ ಕೈಯಲ್ಲಿ ದುಡ್ಡು ಉಳಿದಿದ್ದರೆ. ನಾನು ತೀರ್ಥಹಳ್ಳಿಯಲ್ಲಿ ಗ್ಯಾರೇಜ್ ಇಟ್ಟುಕೊಂಡಿರುವವನು. ಪಿಕಪ್, ಟೆಂಪೋ, ಶಾಲೆ ವ್ಯಾನು, ಸಣ್ಣ ಲಾರಿಗಳ ಬ್ರೇಕ್ ಮತ್ತು ಸ್ಟೇರಿಂಗ್ ಕೆಲಸವೇ ನನ್ನ ಕಸುಬು. ಈ ಪತ್ರ ಬರೆಯುತ್ತಿರುವುದು ಎಫ್‌ಸಿಗೆ ಗಾಡಿಯನ್ನು ಯಂತ್ರದಿಂದಲೇ ತಪಾಸಣೆ ಮಾಡುವ ಹೊಸ ವ್ಯವಸ್ಥೆ ಬಗ್ಗೆ. ಅದು ಬೇಕೇ ಬೇಕು. ಆದರೆ ಅದು ಎಲ್ಲಿರುತ್ತದೆ, ನಮ್ಮಂಥ ತಾಲ್ಲೂಕಿನವರ ಕೈಗೆ ಸಿಗುತ್ತದೋ ಇಲ್ಲವೋ ಎನ್ನುವುದು ನನ್ನ ಚಿಂತೆ.

ನಿಯಮ ಗೊತ್ತಿಲ್ಲದವರಿಗೆ ಒಂದೆರಡು ಮಾತು. ಹಳದಿ ಬೋರ್ಡಿನ ಗಾಡಿಗೆಲ್ಲ ಎಫ್‌ಸಿ ಕಡ್ಡಾಯ. ಹೊಸ ಗಾಡಿಗೆ ಮೊದಲ ಎಫ್‌ಸಿ 2 ವರ್ಷಕ್ಕೆ. 2018ರ ತಿದ್ದುಪಡಿ ಆದ ಮೇಲೆ, ಗಾಡಿಗೆ 8 ವರ್ಷ ಆಗುವವರೆಗೆ 2 ವರ್ಷಕ್ಕೊಮ್ಮೆ ಮಾಡಿಸಿದರೆ ಸಾಕು. 8 ವರ್ಷ ದಾಟಿದರೆ ಪ್ರತಿ ವರ್ಷ. ಎಫ್‌ಸಿ ಇಲ್ಲದಿದ್ದರೆ ಮೋಟಾರು ವಾಹನ ಕಾಯ್ದೆಯ ಕಲಂ 56ರ ಪ್ರಕಾರ ಆ ಗಾಡಿಯ ರಿಜಿಸ್ಟ್ರೇಷನ್ನೇ ಊರ್ಜಿತ ಅಲ್ಲ. ತಡವಾದರೆ ದಿನಕ್ಕೆ 50 ರೂಪಾಯಿ ಹೆಚ್ಚುವರಿ ಕಟ್ಟಬೇಕು ಅಂತ ಕೇಂದ್ರದ ನಿಯಮದಲ್ಲಿದೆ. ಅಪಘಾತ ಆದರೆ ಇನ್ಶೂರೆನ್ಸ್‌ನವರು ತಕರಾರು ತೆಗೆಯುವುದು ಬೇರೆ.

ಇಷ್ಟೆಲ್ಲ ಬಿಗಿ ಇರುವ ಪರೀಕ್ಷೆಯಲ್ಲಿ ಬ್ರೇಕನ್ನು ನೋಡುವುದು ಹೇಗೆ? ಯಂತ್ರ ಇಲ್ಲದ ಕಡೆ ಗಾಡಿಯನ್ನು ಮೈದಾನದಲ್ಲಿ ಸ್ವಲ್ಪ ಓಡಿಸಿ ಬ್ರೇಕ್ ಹಾಕಿಸುತ್ತಾರೆ. ನಿಂತಿತು ಅಂದರೆ ಆಯಿತು. ಲೈಟು, ಹಾರ್ನು, ಇಂಡಿಕೇಟರ್, ವೈಪರ್ ನೋಡುತ್ತಾರೆ. ಚಾಸಿ ನಂಬರ್ ನೋಡುತ್ತಾರೆ. ಹಿಂದೆ ಕೆಂಪು, ಪಕ್ಕಕ್ಕೆ ಹಳದಿ, ಮುಂದೆ ಬಿಳಿ ಪಟ್ಟಿ ಇದೆಯಾ ನೋಡುತ್ತಾರೆ. ಒಬ್ಬ ಬ್ರೇಕ್ ಇನ್ಸ್‌ಪೆಕ್ಟರ್ ಎದುರು ಸಾಲುಗಟ್ಟಿ ಗಾಡಿ ನಿಂತಿರುತ್ತವೆ. ಅವರಿಗೆ ಅದೇ ದಿನ ಡಿಎಲ್ ಟೆಸ್ಟೂ ಇರುತ್ತದೆ. ಅವರನ್ನು ದೂರಿ ಪ್ರಯೋಜನ ಇಲ್ಲ. ಖಾಲಿ ಗಾಡಿ, ಸಮತಟ್ಟು ನೆಲ, ಕಡಿಮೆ ವೇಗ. ಅಲ್ಲಿ ಎಂಥ ಗಾಡಿಯೂ ನಿಲ್ಲುತ್ತದೆ. ಕಣ್ಣಿನಿಂದ ನೋಡಿ ಹೇಳುವ ಕೆಲಸವೇ ಅಲ್ಲ ಅದು.

ಹೋದ ಬೇಸಿಗೆಯಲ್ಲಿ ಒಂದು ಪಿಕಪ್ ಬಂತು. ಬೇರೆ ಜಿಲ್ಲೆಯ ನಂಬರ್. ಕೆಲವೇ ದಿನದ ಹಿಂದೆ ಎಫ್‌ಸಿ ಆಗಿತ್ತು. ಮೈತುಂಬ ಹೊಸ ಬಣ್ಣ, ನಂಬರ್ ಪ್ಲೇಟ್ ಹೊಳೆಯುತ್ತಿತ್ತು. ವೈಪರ್ ಮೋಟಾರ್ ರಿಪೇರಿಗೆ ತಂದಿದ್ದರು. ಕೆಲಸ ಮಾಡುವಾಗ ನೋಡಿದರೆ ಹಿಂದಿನ ಎಡ ಚಕ್ರದ ಒಳಮೈಯಲ್ಲಿ ಒದ್ದೆ ಮಸಿ. ಬೆರಳು ಹಚ್ಚಿ ಮೂಸಿದೆ. ಬ್ರೇಕ್ ಆಯಿಲ್. ಡ್ರಮ್ ಬಿಚ್ಚೋಣ ಅಂದೆ. ‘ಎಫ್‌ಸಿ ಈಗ ತಾನೇ ಆಗಿದೆಯಲ್ಲ, ಯಾಕೆ?’ ಅಂದರು. ಒಪ್ಪಿಸಿ ಬಿಚ್ಚಿದೆ. ವೀಲ್ ಸಿಲಿಂಡರ್ ಸೀಲ್ ಹೋಗಿ ಆಯಿಲ್ ಸೋರಿ ಎರಡೂ ಬ್ರೇಕ್ ಶೂ ನೆನೆದಿದ್ದವು. ಶೂ ಮೇಲಿನ ಲೈನಿಂಗ್ ಪಟ್ಟಿ ಸವೆದು ರಿವೆಟ್ ತಲೆ ಡ್ರಮ್ಮಿಗೆ ತಾಗಿ ಆಳವಾಗಿ ಗೆರೆ ಬಿದ್ದಿತ್ತು. ಅಂದರೆ ಆ ಚಕ್ರಕ್ಕೆ ಬ್ರೇಕೇ ಇರಲಿಲ್ಲ. ಹೆಚ್ಚುಕಡಿಮೆ ಮುಂದಿನ ಡಿಸ್ಕ್ ಎರಡೇ ಇಡೀ ಗಾಡಿಯನ್ನು ಹಿಡಿಯುತ್ತಿದ್ದವು. ಆ ಗಾಡಿಯವರು ಕೆಟ್ಟವರಲ್ಲ. ಸರ್ಕಾರವೇ ನೋಡಿ ಸರಿ ಇದೆ ಎಂದು ಬರೆದುಕೊಟ್ಟ ಮೇಲೆ ಅವರಾದರೂ ಯಾಕೆ ಅನುಮಾನ ಪಡಬೇಕು? ಮಾರನೆಯ ದಿನ ಅವರು ಲೋಡ್ ಹಾಕಿಕೊಂಡು ಆಗುಂಬೆ ಘಾಟಿ ಇಳಿಯುವವರಿದ್ದರು.

ಬಯಲುಸೀಮೆಯವರಿಗೆ ಇದರ ತೀವ್ರತೆ ಅಷ್ಟಾಗಿ ಗೊತ್ತಾಗಲಿಕ್ಕಿಲ್ಲ. ತೀರ್ಥಹಳ್ಳಿಯಿಂದ ಉಡುಪಿ ಕಡೆ ಹೋಗಲು ಆಗುಂಬೆ ಘಾಟಿ, 14 ಹೇರ್‌ಪಿನ್ ತಿರುವು. ಕುಂದಾಪುರದ ಕಡೆಗೆ ಬಾಳೆಬರೆ ಘಾಟಿ. ಮಳೆಗಾಲದಲ್ಲಿ ಆಗುಂಬೆಯಲ್ಲಿ ಭಾರಿ ವಾಹನ ನಿಲ್ಲಿಸಿದರೆ ಅವೂ ಬಾಳೆಬರೆಗೇ ಬರುತ್ತವೆ. ಲೋಡ್ ಗಾಡಿ ಘಾಟಿ ಇಳಿಯುವಾಗ ಬ್ರೇಕ್ ಬಿಡದೆ ಒತ್ತಿಕೊಂಡೇ ಬಂದರೆ ಡ್ರಮ್ಮು ಕಾಯುತ್ತದೆ. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವ ಹೀರಿಕೊಳ್ಳುವ ವಸ್ತು. ನಮ್ಮ ಮಲೆನಾಡಿನ ಹವೆಯಲ್ಲಿ ಹೇಳಲೇಬೇಕಿಲ್ಲ. ನೀರು ಸೇರಿದ ಆಯಿಲ್ ಬೇಗ ಕುದಿಯುತ್ತದೆ. ಪೈಪಿನಲ್ಲಿ ಆವಿ ತುಂಬಿಕೊಳ್ಳುತ್ತದೆ. ಆಗ ಪೆಡಲ್ ಒತ್ತಿದರೆ ತಳದವರೆಗೂ ಸುಮ್ನೆ ಹೋಗುತ್ತದೆ, ಗಾಡಿ ಮಾತ್ರ ನಿಲ್ಲುವುದಿಲ್ಲ. ಡೀಸೆಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಇಳಿಸುವ ಚಾಲಕರು ಇನ್ನೂ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಸಿ.

ಅದಕ್ಕೇ ನನಗೆ ಯಂತ್ರದ ಪರೀಕ್ಷೆ ಮೇಲೆ ನಂಬಿಕೆ. 2021ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಸ್ವಯಂಚಾಲಿತ ತಪಾಸಣಾ ಕೇಂದ್ರಗಳಿಗೆ ನಿಯಮ ಮಾಡಿತು. ಎಟಿಎಸ್ ಅಂತ ಕರೆಯುವುದು ಇದನ್ನೇ. ಅಲ್ಲಿ ಗಾಡಿಯ ಒಂದೊಂದೇ ಆಕ್ಸಲನ್ನು ರೋಲರ್ ಮೇಲೆ ನಿಲ್ಲಿಸುತ್ತಾರೆ. ರೋಲರ್ ಚಕ್ರವನ್ನು ತಿರುಗಿಸುತ್ತದೆ, ಚಾಲಕ ಬ್ರೇಕ್ ಒತ್ತುತ್ತಾನೆ. ಎಡ ಚಕ್ರ ಎಷ್ಟು ಹಿಡಿಯಿತು, ಬಲ ಚಕ್ರ ಎಷ್ಟು ಹಿಡಿಯಿತು ಅಂತ ಅಂಕಿ ಬರುತ್ತದೆ. ಆ ಪಿಕಪ್ ಅಲ್ಲಿಗೆ ಹೋಗಿದ್ದರೆ ಹಿಂದಿನ ಎಡ ಚಕ್ರ ಅಲ್ಲೇ ಸಿಕ್ಕಿಬೀಳುತ್ತಿತ್ತು. ಬ್ರೇಕ್ ಹಾಕಿದಾಗ ಗಾಡಿ ಒಂದು ಕಡೆ ಎಳೆಯುವ ತೊಂದರೆಯೂ ಅಲ್ಲಿ ಬಚ್ಚಿಟ್ಟುಕೊಳ್ಳುವುದಿಲ್ಲ. ಸಸ್ಪೆನ್ಷನ್, ಸ್ಟೇರಿಂಗ್ ಜಾಯಿಂಟ್ ಆಟ, ಹೆಡ್‌ಲೈಟ್, ಹೊಗೆ ಎಲ್ಲಕ್ಕೂ ಬೇರೆ ಬೇರೆ ಯಂತ್ರ ಇದೆ. ಫಲಿತಾಂಶ ನೇರ ಸರ್ವರಿಗೆ ಹೋಗಬೇಕು ಅಂತ ನಿಯಮ. ಇನ್ನೊಂದು ಒಳ್ಳೆಯ ಷರತ್ತೂ ಇದೆ: ಕೇಂದ್ರ ನಡೆಸುವವರು ರಿಪೇರಿ ಮಾಡುವಂತಿಲ್ಲ, ಗಾಡಿ ಮಾರುವಂತಿಲ್ಲ, ಬಿಡಿಭಾಗವನ್ನೂ ಮಾರುವಂತಿಲ್ಲ. ಫೇಲ್ ಮಾಡಿ ‘ನಮ್ಮಲ್ಲೇ ರಿಪೇರಿ ಮಾಡಿಸಿ’ ಅನ್ನಲು ದಾರಿ ಇಲ್ಲ. ರಿಪೇರಿಯಲ್ಲೇ ಹೊಟ್ಟೆ ಹೊರೆಯುವ ನಾನು ಈ ಷರತ್ತನ್ನು ಮನಸಾರೆ ಒಪ್ಪುತ್ತೇನೆ.

ಆದರೆ ಜಾರಿ ಮಾತ್ರ ಮುಂದೆ ಮುಂದೆ ಹೋಗುತ್ತಲೇ ಬಂತು. ಭಾರಿ ವಾಹನಗಳಿಗೆ 2023ರ ಏಪ್ರಿಲ್ 1ರಿಂದ ಕಡ್ಡಾಯ ಅಂದರು. ಆಮೇಲೆ 2024ರ ಅಕ್ಟೋಬರ್ 1 ಅಂದರು. ಕಾರಣ, ಸಾಕಷ್ಟು ಕೇಂದ್ರಗಳು ತಯಾರಾಗಿರಲಿಲ್ಲ. ಕೇಂದ್ರ ಕಟ್ಟುವಾಗ ಹೆದ್ದಾರಿ ಪಕ್ಕ, ದೊಡ್ಡ ಊರಿನ ಹತ್ತಿರ ಜಾಗ ನೋಡುವುದು ಸಹಜ. ಜಾಸ್ತಿ ಗಾಡಿ ಬರಬೇಕಲ್ಲ, ಯಂತ್ರದ ಖರ್ಚು ಹುಟ್ಟಬೇಕಲ್ಲ. ಹಾಗಾದರೆ ನಮ್ಮಂಥವರ ಗತಿ ಏನು? ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಸುಮಾರು 60 ಕಿಲೋಮೀಟರ್. ಆಗುಂಬೆ ಕಡೆಯವರಿಗೆ ಇನ್ನೂ 30 ಜಾಸ್ತಿ. ಒಂದು ದಿನದ ಬಾಡಿಗೆ ಹೋಯಿತು, ಡೀಸೆಲ್ ಹೋಯಿತು. ಫೇಲ್ ಆದರೆ ವಾಪಸ್ ಬಂದು ರಿಪೇರಿ ಮಾಡಿಸಿ ಮತ್ತೆ ಹೋಗಬೇಕು. ಸಾಲದ ಕಂತು ಕಟ್ಟುತ್ತಾ ಒಂದೇ ಗಾಡಿ ಓಡಿಸುವವರು ಇದನ್ನು ತಡೆದುಕೊಳ್ಳಲಾರರು. ಅವರು ಆಗ ಏಜೆಂಟರ ಕೈಗೆ ಹೋಗುತ್ತಾರೆ, ಇಲ್ಲವೇ ಎಫ್‌ಸಿ ಇಲ್ಲದೆಯೇ ಒಳರಸ್ತೆಯಲ್ಲಿ ಓಡಿಸುತ್ತಾರೆ. ಎಫ್‌ಸಿ ದಿನಕ್ಕೆ ಮಾತ್ರ ಒಳ್ಳೆಯ ಟೈರ್ ಸಾಲ ತಂದು ಹಾಕಿ, ಸಂಜೆ ಬಿಚ್ಚಿ ಕೊಡುವವರನ್ನೂ ನೋಡಿದ್ದೇನೆ. ದೂರ ಹೆಚ್ಚಾದಷ್ಟೂ ಒಂದೇ ಸಲಕ್ಕೆ ಪಾಸ್ ಆಗಲೇಬೇಕು ಅನ್ನುವ ಒತ್ತಡ. ಇಂಥ ದಾರಿಗಳು ಹುಟ್ಟುವುದೇ ಅಲ್ಲಿಂದ.

ಒಂದು ರಾಜ್ಯದ ಗಾಡಿಯನ್ನು ಇನ್ನೊಂದು ರಾಜ್ಯದ ಎಟಿಎಸ್‌ನಲ್ಲೂ ಪರೀಕ್ಷೆ ಮಾಡಿಸಬಹುದು ಅಂತ 2022ರಲ್ಲಿ ತಿದ್ದುಪಡಿ ಆಗಿದೆ. ರಾಜ್ಯ ದಾಟಲು ಅವಕಾಶ ಇದ್ದ ಮೇಲೆ ಜಿಲ್ಲೆ ದಾಟಲು ಇರಲೇಬೇಕು ಅಲ್ವಾ? ಘಾಟಿ ಕೆಳಗೆ ಬಾಡಿಗೆ ಹೋದವರು ಅಲ್ಲೇ ಹತ್ತಿರದ ಕೇಂದ್ರದಲ್ಲಿ ಮುಗಿಸಿಕೊಂಡು ಬರಬಹುದು. ಆದರೆ ಈ ವಿಷಯ ನನ್ನ ಗ್ಯಾರೇಜಿಗೆ ಬರುವ ಯಾರಿಗೂ ಗೊತ್ತಿಲ್ಲ. ಸೈಬರ್ ಸೆಂಟರ್‌ನವರು ಅರ್ಜಿಯಲ್ಲಿ ಯಾವ ಕೇಂದ್ರ ಹಾಕುತ್ತಾರೋ ಅಲ್ಲಿಗೆ ಹೋಗುತ್ತಾರೆ. ಯಾವ ಯಾವ ಊರಲ್ಲಿ ಕೇಂದ್ರ ಇದೆ, ಯಾವ ಗಾಡಿಗೆ ಯಾವ ಯಂತ್ರ ಇದೆ, ಶುಲ್ಕ ಎಷ್ಟು, ಯಾವ ದಾಖಲೆ ಬೇಕು ಎಂದು ಕನ್ನಡದಲ್ಲಿ ಒಂದು ಬೋರ್ಡು ಬರೆಸಿ ತಾಲ್ಲೂಕು ಕಚೇರಿ, ಬಸ್ ನಿಲ್ದಾಣ, ಪೆಟ್ರೋಲ್ ಬಂಕುಗಳಲ್ಲಿ ಹಾಕಿದರೆ ದೊಡ್ಡ ಖರ್ಚೇನೂ ಆಗುವುದಿಲ್ಲ.

ನನ್ನ ಅಕ್ಕನ ಮಗ ಇಂಗ್ಲೆಂಡಿನಲ್ಲಿದ್ದಾನೆ. ಅಲ್ಲಿ ಸ್ವಂತ ಕಾರಿಗೂ 3 ವರ್ಷ ಆದ ಮೇಲೆ ಪ್ರತಿ ವರ್ಷ ಎಂಒಟಿ ಅನ್ನುವ ಪರೀಕ್ಷೆ. ಪರೀಕ್ಷೆ ಮಾಡುವ ಗ್ಯಾರೇಜಿನ ಹೊರಗೆ ನೀಲಿ ಬೋರ್ಡಿನ ಮೇಲೆ ಮೂರು ಬಿಳಿ ತ್ರಿಕೋನದ ಗುರುತು ಇರುತ್ತದೆ, ದೂರದಿಂದಲೇ ಗೊತ್ತಾಗುತ್ತದೆ. ಕಾರಿಗೆ ಹೆಚ್ಚೆಂದರೆ 54.85 ಪೌಂಡ್ ಅಂತ ಸರ್ಕಾರವೇ ಮಿತಿ ಹಾಕಿದೆ. ಅವಧಿ ಮುಗಿದಿದ್ದರೂ, ಮೊದಲೇ ಬುಕ್ ಮಾಡಿದ್ದರೆ ಪರೀಕ್ಷೆಗೆ ಅಂತ ಗಾಡಿ ಓಡಿಸಿಕೊಂಡು ಹೋಗಬಹುದು. ಅವನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ವರದಿ ನೋಡಿ ನಾನು ಖುಷಿಪಟ್ಟೆ. ಕಾರು ಪಾಸ್ ಆಗಿತ್ತು. ಆದರೂ ಕೆಳಗೆ ಬರೆದಿದ್ದರು: ಮುಂದಿನ ಟೈರ್ ಸವೆಯುತ್ತಾ ಬಂದಿದೆ, ಗಮನ ಇರಲಿ ಅಂತ. ಕಾರಿನ ನಂಬರ್ ಹಾಕಿದರೆ ಹಳೆಯ ವರ್ಷಗಳ ಪರೀಕ್ಷೆಯ ವಿವರ, ಫೇಲ್ ಆಗಿದ್ದರೆ ಕಾರಣ, ಎಷ್ಟು ಮೈಲಿ ಓಡಿದೆ, ಎಲ್ಲ ಯಾರು ಬೇಕಾದರೂ ನೋಡಬಹುದಂತೆ. ನಮ್ಮಲ್ಲಿ ಎಂ-ಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿದರೆ ಎಫ್‌ಸಿ ಯಾವತ್ತಿನವರೆಗೆ ಇದೆ ಎಂದು ಬರುತ್ತದೆ. ಮಕ್ಕಳನ್ನು ವ್ಯಾನಿನಲ್ಲಿ ಕಳಿಸುವ ತಂದೆ ತಾಯಿ ಅದನ್ನಾದರೂ ತಪ್ಪದೆ ನೋಡಿಕೊಳ್ಳಿ. ಆದರೆ ಬ್ರೇಕ್ ಎಷ್ಟು ಹಿಡಿಯಿತು, ಟೈರ್ ಎಷ್ಟು ಉಳಿದಿದೆ ಅನ್ನುವುದು ಅದರಲ್ಲಿ ಸಿಗುವುದಿಲ್ಲ. ಸಿಗಬೇಕು. ಗಾಡಿಯವರಿಗೆ ಕೊಡುವ ವರದಿಯೂ ಕನ್ನಡದಲ್ಲಿರಬೇಕು. ‘ಹಿಂದಿನ ಎಡ ಚಕ್ರ, ಬ್ರೇಕ್ ಕಡಿಮೆ’ ಎಂದು ಒಂದು ಸಾಲು ಬರೆದುಕೊಟ್ಟರೆ ಅವರು ಅದನ್ನೇ ತಂದು ನನ್ನ ಮುಂದೆ ಇಡುತ್ತಾರೆ. ಎಲ್ಲ ಬಿಚ್ಚಿ ಹುಡುಕುವ ಕೆಲಸ ತಪ್ಪುತ್ತದೆ, ಅವರಿಗೆ ದುಡ್ಡೂ ಉಳಿಯುತ್ತದೆ.

ಬಿಳಿ ಬೋರ್ಡಿನ ಕಾರುಗಳ ಮಾತು ಬೇರೆಯೇ ಇದೆ. ಮೊದಲ 15 ವರ್ಷ ಅವನ್ನು ಹಿಡಿದು ಬ್ರೇಕ್ ನೋಡುವವರೇ ಇಲ್ಲ. ರಜೆ ಬಂದರೆ ಆಗುಂಬೆಯಲ್ಲಿ ಜಾಸ್ತಿ ಇರುವುದು ಅವೇ. ಅದರ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ.

ಸಾರಿಗೆ ಇಲಾಖೆಗೆ ನಾನು ಕೇಳುವುದು ಇಷ್ಟೇ. ತಾಲ್ಲೂಕಿಗೊಂದು ದೊಡ್ಡ ಕೇಂದ್ರ ಕಟ್ಟಲು ಆಗದು, ಅದು ನನಗೂ ಗೊತ್ತು. ಆದರೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಒಯ್ಯುವಂಥ ಬ್ರೇಕ್ ಟೆಸ್ಟರ್‌ಗಳು ಇವೆ. ಆರ್‌ಟಿಒ ಕ್ಯಾಂಪ್ ನಡೆಸುವ ಊರುಗಳಿಗೆ ಅಂಥದ್ದೊಂದು ಬರಲಿ. ಘಾಟಿ ಇರುವ ತಾಲ್ಲೂಕುಗಳಿಂದ ಶುರು ಮಾಡಲಿ: ತೀರ್ಥಹಳ್ಳಿ, ಹೊಸನಗರ, ಸಾಗರ, ಶೃಂಗೇರಿ, ಮೂಡಿಗೆರೆ, ಸಕಲೇಶಪುರ, ಶಿರಸಿ, ಮಡಿಕೇರಿ. 8 ವರ್ಷ ತುಂಬದ ಗಾಡಿಯವರೂ ಎಫ್‌ಸಿ ಇಲ್ಲದ ವರ್ಷದಲ್ಲಿ ಬಂದು ಬ್ರೇಕ್ ಒಂದನ್ನೇ ಪರೀಕ್ಷೆ ಮಾಡಿಸಿಕೊಳ್ಳುವ ಹಾಗಿರಲಿ. ನಮ್ಮ ರಸ್ತೆಯಲ್ಲಿ ಲೈನಿಂಗ್ ಎರಡು ವರ್ಷ ಬರುವುದು ಅಪರೂಪ. ಎಫ್‌ಸಿ ಅವಧಿ ಮುಗಿದ ಗಾಡಿ ಸ್ಲಾಟ್ ಬುಕ್ ಮಾಡಿಕೊಂಡು ಕೇಂದ್ರಕ್ಕೆ ಹೋಗುತ್ತಿದ್ದರೆ ದಾರಿಯಲ್ಲಿ ದಂಡ ಹಾಕದಂತೆ ಸ್ಪಷ್ಟ ಆದೇಶ ಇರಲಿ. ಸ್ಪೇರ್ ಸಿಗದೆ ಗ್ಯಾರೇಜಿನಲ್ಲೇ ನಿಂತ ಗಾಡಿಗೆ ದಿನಕ್ಕೆ 50 ರೂಪಾಯಿ ಲೆಕ್ಕ ಹಾಕುವುದನ್ನೂ ಒಮ್ಮೆ ಯೋಚಿಸಿ ನೋಡಲಿ.

ಜೂನ್‌ಗೆ ಮಳೆ ಹಿಡಿಯುತ್ತದೆ, ಅಷ್ಟರೊಳಗೆ ಶಾಲೆಗಳೂ ತೆರೆದಿರುತ್ತವೆ. ಕ್ಯಾಂಪ್ ಇಡುವುದಾದರೆ ಏಪ್ರಿಲ್ ಇಲ್ಲವೇ ಮೇ ತಿಂಗಳಲ್ಲೇ ಇಡಬೇಕು. ದಿನಾಂಕವನ್ನು ಹದಿನೈದು ದಿನ ಮುಂಚೆ ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಹಾಕಿಸಿದರೆ, ಗಾಡಿಯವರಿಗೆ ಡ್ರಮ್ ಬಿಚ್ಚಿಸಿ ನೋಡಿಕೊಳ್ಳಲು ಸಮಯ ಸಿಗುತ್ತದೆ.

– ಒಬ್ಬ ಗ್ಯಾರೇಜ್ ಮೆಕ್ಯಾನಿಕ್, ತೀರ್ಥಹಳ್ಳಿ