ಅಪ್ಪ ಅಮ್ಮನ ವಯಸ್ಸಿಗೆ ಬಂದಾಗ

ಇಪ್ಪತ್ತರ ವಯಸ್ಸಿನಲ್ಲಿ ಯಾರಾದರೂ ‘ನೀನು ಥೇಟ್ ನಿಮ್ಮಪ್ಪನ ಹಾಗೇ’ ಅಂದರೆ ಆ ಮಾತು ನಮ್ಮ ತಲೆಗೆ ಹತ್ತುವುದಿಲ್ಲ. ಹಾಗನ್ನುವ ಅತ್ತೆಯೋ ಚಿಕ್ಕಪ್ಪನೋ ಅಪ್ಪನನ್ನು ಇಪ್ಪತ್ತರಲ್ಲಿ ಕಂಡವರು. ನಾವು ಕಂಡಿಲ್ಲ. ಮಕ್ಕಳಿಗೆ ನೆನಪು ನಿಲ್ಲಲು ಶುರುವಾಗುವುದೇ ಸುಮಾರು ಮೂರು ನಾಲ್ಕು ವರ್ಷದ ಮೇಲೆ. ಅಷ್ಟು ಹೊತ್ತಿಗೆ ಅಪ್ಪ ಅಮ್ಮ ಮೂವತ್ತರ ಆಸುಪಾಸಿನಲ್ಲಿರುತ್ತಾರೆ. ಇನ್ನು ನಾವು ಅವರನ್ನು ನಿಜವಾಗಿ ಗಮನಿಸುವ, ಅವರೊಡನೆ ವಾದಕ್ಕಿಳಿಯುವ, ಅವರ ಒಂದೊಂದು ಅಭ್ಯಾಸಕ್ಕೂ ಸಿಡಿಮಿಡಿಗೊಳ್ಳುವ ಕಾಲಕ್ಕೆ ಅವರು ನಲವತ್ತು ದಾಟಿರುತ್ತಾರೆ. ಹಾಗಾಗಿ ನಮ್ಮ ಮನಸ್ಸಿನಲ್ಲಿ ಅಚ್ಚೊತ್ತಿರುವ ಅಪ್ಪ ನಲವತ್ತೈದರ ಅಪ್ಪ, ಅಮ್ಮ ನಲವತ್ತರ ಅಮ್ಮ. ನಾವೂ ಆ ವಯಸ್ಸನ್ನು ಮುಟ್ಟುವವರೆಗೆ ಹೋಲಿಸಿ ನೋಡಲು ನಮ್ಮ ಹತ್ತಿರ ಏನೂ ಇರುವುದಿಲ್ಲ. ‘ಈಚೀಚೆಗೆ ನಾನು ಅಮ್ಮನ ಹಾಗೇ ಆಗ್ತಿದ್ದೀನಿ’ ಎಂಬ ಮಾತು ನಡುವಯಸ್ಸಿನವರ ಬಾಯಲ್ಲೇ ಹೆಚ್ಚಾಗಿ ಕೇಳುವುದಕ್ಕೆ ಇದೂ ಒಂದು ಕಾರಣ ಎಂದು ನನಗೆ ಅನಿಸುತ್ತದೆ.

ನಮ್ಮ ಸಂಘದ ಕಾರ್ಯಕ್ರಮ ಮುಗಿದು ಕುರ್ಚಿ ಎತ್ತಿಡುವ ಹೊತ್ತಿನಲ್ಲಿ ಈ ಮಾತು ಆಗಾಗ ಕಿವಿಗೆ ಬೀಳುತ್ತದೆ. ಒಬ್ಬರು ಸೀನಿದರೆ ಅವರಪ್ಪ ಸೀನಿದಂತೆಯೇ ಇರುತ್ತದಂತೆ. ಇನ್ನೊಬ್ಬರು ಯಾರೂ ಇಲ್ಲದ ಕೋಣೆಯಲ್ಲಿ ದೀಪ ಉರಿಯುತ್ತಿದ್ದರೆ ಎದ್ದು ಹೋಗಿ ಆರಿಸದೆ ಕೂರಲಾರರು. ನನ್ನ ಮಟ್ಟಿಗೆ ಅದು ಸಹಿ ಹಾಕುವ ರೀತಿ. ಅಪ್ಪ ಯಾವ ಕಾಗದಕ್ಕೆ ಸಹಿ ಹಾಕುವಾಗಲೂ ಮೊದಲು ಪೆನ್ನಿನ ತುದಿಯನ್ನು ಕಾಗದಕ್ಕೆ ತಾಗಿಸದೆ ಮೇಲೆಯೇ ಎರಡು ಸುತ್ತು ತಿರುಗಿಸುತ್ತಿದ್ದರು. ಎಡಗೈಯ ಹೆಬ್ಬೆರಳು ಕಾಗದದ ಅಂಚನ್ನು ಒತ್ತಿ ಹಿಡಿದಿರುತ್ತಿತ್ತು, ಉಗುರು ಬೆಳ್ಳಗಾಗುವಷ್ಟು ಬಿಗಿಯಾಗಿ. ಸಹಿಯಾದ ಮೇಲೆ ಕಾಗದವನ್ನು ತಕ್ಷಣ ಕೊಡುತ್ತಿರಲಿಲ್ಲ, ಮೇಲಿನಿಂದ ಇನ್ನೊಮ್ಮೆ ಓದುತ್ತಿದ್ದರು. ಇದನ್ನು ಅವರು ನನಗೆ ಕಲಿಸಿದ್ದಲ್ಲ, ನಾನು ಕಲಿಯಬೇಕೆಂದು ನೋಡಿದ್ದೂ ಅಲ್ಲ. ಆದರೂ ಈಗ ನನ್ನ ಎರಡೂ ಕೈ ಅದನ್ನೇ ಮಾಡುತ್ತವೆ.

ಇದರಲ್ಲಿ ದೇಹದ ಪಾಲು ಸ್ಪಷ್ಟವಾಗಿಯೇ ಇದೆ. ತಾಯಿಯಿಂದ 23, ತಂದೆಯಿಂದ 23 ವರ್ಣತಂತುಗಳನ್ನು ಪಡೆದು ಬಂದವರು ನಾವು. ಎಳೆಯ ಮುಖದ ತುಂಬು ಕೆನ್ನೆ ಇಳಿದ ಮೇಲೆ ಒಳಗಿನ ಮೂಳೆಯ ಕಟ್ಟು ಎದ್ದು ಕಾಣುತ್ತದೆ. ಕಣ್ಣಿನ ಮಸೂರ ಬಾಲ್ಯದಿಂದಲೇ ಸ್ವಲ್ಪ ಸ್ವಲ್ಪವಾಗಿ ಬಿಗಿಯುತ್ತಾ ಬಂದು 40–45ರ ಸುಮಾರಿಗೆ ಹತ್ತಿರದ ಅಕ್ಷರ ಮಸುಕಾಗುತ್ತದೆ. ಆಗ ಕಾಗದವನ್ನು ದೂರ ಹಿಡಿದು, ಗದ್ದ ಮೇಲೆತ್ತಿ ಓದುವ ಭಂಗಿ ತಾನಾಗಿ ಬರುತ್ತದೆ. ಮುಟ್ಟು ನಿಂತ ಮೇಲೆ ಹೆಂಗಸರ ದನಿ ತುಸು ಇಳಿಯುತ್ತದೆ. ಫೋನಿನಲ್ಲಿ ಮಗಳ ದನಿ ಕೇಳಿ, ತಾಯಿಯೇ ಎಂದುಕೊಂಡು ಮಾತು ಶುರುಮಾಡುವ ಬಂಧುಗಳನ್ನು ನೀವೂ ಕಂಡಿರುತ್ತೀರಿ.

ಬುದ್ಧಿಶಕ್ತಿಯ ವಿಷಯದಲ್ಲಿ ಸಂಶೋಧಕರು ಕಂಡದ್ದು ಇನ್ನೂ ಕುತೂಹಲದ ಸಂಗತಿ. ಅಮೆರಿಕದ ಕೊಲರಾಡೊದಲ್ಲಿ ದತ್ತು ಮಕ್ಕಳ ಬೆಳವಣಿಗೆಯನ್ನು ವರ್ಷಾನುಗಟ್ಟಲೆ ಗಮನಿಸಿದ ಅಧ್ಯಯನವೊಂದರ ಫಲಿತಾಂಶ 1997ರಲ್ಲಿ ಪ್ರಕಟವಾಯಿತು. ಬುದ್ಧಿಶಕ್ತಿಯ ಪರೀಕ್ಷೆಗಳಲ್ಲಿ ಆ ಮಕ್ಕಳು ತೀರ ಚಿಕ್ಕಂದಿನಲ್ಲಿ ಸಾಕಿದವರನ್ನು ಅಲ್ಪಸ್ವಲ್ಪ ಹೋಲುತ್ತಿದ್ದರು. ಹದಿಹರೆಯದ ಹೊತ್ತಿಗೆ ಆ ಹೋಲಿಕೆ ಅಳಿಸಿಹೋಗಿ, ತಾವು ನೋಡಿ ಬೆಳೆಯದ ಹೆತ್ತವರನ್ನೇ ಹೆಚ್ಚು ಹೆಚ್ಚು ಹೋಲತೊಡಗಿದ್ದರು. ಆಮೇಲೆ 4 ದೇಶಗಳ ಸುಮಾರು 11,000 ಅವಳಿ ಜೋಡಿಗಳ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದಾಗಲೂ, ಮಕ್ಕಳ ನಡುವಿನ ಬುದ್ಧಿಶಕ್ತಿಯ ವ್ಯತ್ಯಾಸದಲ್ಲಿ ವಂಶವಾಹಿಗಳ ಪಾಲು 9ರ ವಯಸ್ಸಿನಲ್ಲಿ ಶೇ. 41 ಇದ್ದದ್ದು 17ರ ಹೊತ್ತಿಗೆ ಶೇ. 66ಕ್ಕೆ ಏರಿತ್ತು. ಚಿಕ್ಕ ಮಗು ದೊಡ್ಡವರು ಕೊಟ್ಟ ಪುಸ್ತಕವನ್ನು ಹಿಡಿಯುತ್ತದೆ, ದೊಡ್ಡವರು ಕರೆದೊಯ್ದಲ್ಲಿಗೆ ಹೋಗುತ್ತದೆ. ಬೆಳೆದಂತೆಲ್ಲ ತನಗೆ ಒಗ್ಗುವ ಪುಸ್ತಕ, ಗೆಳೆಯರು, ಕೆಲಸವನ್ನು ತಾನೇ ಆರಿಸಿಕೊಳ್ಳುತ್ತದೆ. ಆಗ ಒಳಗಿದ್ದ ಒಲವು ಮೇಲೆ ಬರುತ್ತದೆ ಎಂದು ಇದನ್ನು ವಿವರಿಸುತ್ತಾರೆ.

ಆದರೆ ಸ್ವಭಾವದ ವಿಷಯದಲ್ಲಿ ವಂಶವಾಹಿಗಳ ಪಾಲು ಹೀಗೆ ವಯಸ್ಸಿನ ಜೊತೆ ಏರುತ್ತಾ ಹೋಗುವುದಿಲ್ಲ. ನಾವು ‘ಥೇಟ್ ಅಪ್ಪ’, ‘ಥೇಟ್ ಅಮ್ಮ’ ಅನ್ನುವುದು ಬುದ್ಧಿಶಕ್ತಿಯ ಪರೀಕ್ಷೆ ಬರೆದಲ್ಲ. ಬಾಗಿಲಿನ ಚಿಲಕವನ್ನು ಮಲಗುವ ಮುನ್ನ ಎರಡು ಸಲ ಎಳೆದು ನೋಡುವುದು, ಸಿಟ್ಟು ಬಂದಾಗ ಮಾತು ನಿಲ್ಲಿಸುವುದು, ಊರಿಗೆ ಹೊರಡುವ ಹಿಂದಿನ ರಾತ್ರಿ ನಿದ್ದೆ ಬಾರದಿರುವುದು, ಇವುಗಳನ್ನು ನೋಡಿ ಅನ್ನುತ್ತೇವೆ. ದತ್ತು ಬಂದ ಮಗಳೂ ಸಾಕಿದ ತಾಯಿಯ ಹಾಗೆಯೇ ತಲೆ ಒಂದು ಕಡೆ ವಾಲಿಸಿ ಫೋನಿನಲ್ಲಿ ಮಾತಾಡುತ್ತಾಳೆ. ಇದಕ್ಕೆ ರಕ್ತದ ಲೆಕ್ಕ ಸಾಲದು.

ನನಗೆ ಇಲ್ಲಿ ಹೆಚ್ಚು ಬೆಳಕು ಕೊಟ್ಟದ್ದು ಮನೋವಿಜ್ಞಾನಿ ಆಲ್ಬರ್ಟ್ ಬಂಡೂರ ಅವರ ಕೆಲಸ. ದೊಡ್ಡವರು ಗಾಳಿ ತುಂಬಿದ ಬೊಂಬೆಯೊಂದನ್ನು ಹೊಡೆಯುವುದನ್ನು ಕಂಡ ಮಕ್ಕಳು ತಾವೂ ಹಾಗೆಯೇ ಹೊಡೆಯುತ್ತಾರೆ ಎಂದು ತೋರಿಸಿದ ಅವರ 1961ರ ಪ್ರಯೋಗ ಎಲ್ಲರಿಗೂ ಗೊತ್ತು. 1965ರದು ಅಷ್ಟು ಜನಕ್ಕೆ ಗೊತ್ತಿಲ್ಲ. ಅದರಲ್ಲಿ ಕೆಲವು ಮಕ್ಕಳಿಗೆ, ಹೊಡೆದವನಿಗೆ ಶಿಕ್ಷೆಯಾಗುವುದನ್ನೂ ತೋರಿಸಲಾಗಿತ್ತು. ಆ ಮಕ್ಕಳು ಅನುಕರಿಸಿದ್ದು ಕಡಿಮೆ. ಆದರೆ ‘ನೋಡಿದ್ದನ್ನು ಮಾಡಿ ತೋರಿಸಿದರೆ ಬಹುಮಾನ’ ಎಂದು ಹೇಳಿದ ಮೇಲೆ ಅವರೂ ಉಳಿದವರಷ್ಟೇ ಚೆನ್ನಾಗಿ ಮಾಡಿ ತೋರಿಸಿದರು. ಅಂದರೆ ಅವರು ಕಲಿತಾಗಿತ್ತು. ಹೊರಗೆ ಬರಲು ಸಂದರ್ಭ ಒದಗಿರಲಿಲ್ಲ, ಅಷ್ಟೆ.

ನಮ್ಮಲ್ಲಿ ಆಗುವುದೂ ಇದೇ ಎಂದು ನಾನು ನಂಬುತ್ತೇನೆ. ಸಂಸಾರ ತೂಗಿಸುವುದು, ಮಗುವಿಗೆ ಜ್ವರ ಬಂದ ರಾತ್ರಿ ಎದ್ದಿರುವುದು, ಕೆಲಸದ ಕಡೆಯ ಅವಮಾನವನ್ನು ಮನೆಗೆ ಬಂದು ಹೇಳದಿರುವುದು, ಎಲ್ಲವನ್ನೂ ನಾವು ಎಂಟು ಹತ್ತು ವರ್ಷದವರಾಗಿದ್ದಾಗಲೇ ನೋಡಿ ಕಲಿತಿದ್ದೇವೆ. ಕಲಿತದ್ದು ನಮಗೇ ಗೊತ್ತಿರುವುದಿಲ್ಲ. ಅಪ್ಪ ಅಮ್ಮ ಆಗ ನಿಂತಿದ್ದ ಜಾಗಕ್ಕೆ ನಾವು ಬಂದು ನಿಂತಾಗ ಅದು ಹೊರಗೆ ಬರುತ್ತದೆ. ಸಂಘದ ಸದಸ್ಯೆಯೊಬ್ಬರು ಹೇಳಿದ್ದು ಕೇಳಿ. ಅವರ ಮಗಳು ಮೊದಲ ಸಲ ಒಬ್ಬಳೇ ಕಾರು ಓಡಿಸಿಕೊಂಡು ರಾತ್ರಿ ಬೇರೆ ಊರಿಗೆ ಹೊರಟಿದ್ದಳಂತೆ. ಇವರು ಕಾರಿನ ಕಿಟಕಿಯ ಮೇಲೆ ಕೈಯಿಟ್ಟು, ‘ತಲುಪಿದ ತಕ್ಷಣ ಫೋನ್ ಮಾಡು, ಎಷ್ಟು ಹೊತ್ತಾದರೂ ಸರಿ, ನಾನು ಎದ್ದಿರ್ತೀನಿ’ ಅಂದರು. ಅವರ ತಾಯಿ ಬಸ್ಸಿನ ಕಿಟಕಿ ಹಿಡಿದು ಹೇಳುತ್ತಿದ್ದ ಮಾತೇ ಅದು, ಅದೇ ಕ್ರಮದಲ್ಲಿ. ‘ನಾನು ಎದ್ದಿರ್ತೀನಿ’ ಅನ್ನುವಾಗ ದನಿ ಸಣ್ಣಗಾಗುವುದೂ ಹಾಗೆಯೇ. ಅಷ್ಟು ವರ್ಷ ಅವರು ಆ ಮಾತನ್ನು ಒಮ್ಮೆಯೂ ಆಡಿರಲಿಲ್ಲ, ಏಕೆಂದರೆ ಯಾರನ್ನೂ ಹಾಗೆ ಕಳಿಸಿಕೊಟ್ಟಿರಲಿಲ್ಲ. ‘ಅಮ್ಮನಿಗೆ ಆಗ ಹೊಟ್ಟೆಯಲ್ಲಿ ಏನಾಗ್ತಿತ್ತು ಅಂತ ಆ ನಿಮಿಷ ಗೊತ್ತಾಯ್ತು’ ಎಂದರು.

ಹೆತ್ತವರ ಹಾಗೆ ಆಗುವುದನ್ನು ಅನೇಕರು ಸೋಲು ಎಂಬಂತೆ ಹೇಳಿಕೊಳ್ಳುತ್ತಾರೆ. ನನಗೆ ಹಾಗೆ ಕಾಣುವುದಿಲ್ಲ. ಅವರನ್ನು ಒಳಗಿನಿಂದ ಅರಿಯಲು ನಮಗೆ ಸಿಗುವ ದಾರಿ ಇದೊಂದೇ, ಅದೂ ತಡವಾಗಿ ಸಿಗುವುದು.

ದೂರ ಬಂದು ನೆಲೆಸಿದ ನಮ್ಮಂಥವರಿಗೆ ಇದರಲ್ಲಿ ಬೇರೆಯೇ ಒಂದು ತೊಡಕಿದೆ. ನಮ್ಮಲ್ಲಿ ಹೆಚ್ಚಿನವರು ಮನೆ ಬಿಟ್ಟಾಗ ಅಪ್ಪ ಅಮ್ಮ ಐವತ್ತರ ಆಸುಪಾಸಿನಲ್ಲಿದ್ದರು. ನಾವು ಜೊತೆಗೆ ತಂದದ್ದು ಆ ಐವತ್ತರ ಅಪ್ಪನನ್ನು: ಹೇಳಿದ ಹೊತ್ತಿಗೆ ಐದು ನಿಮಿಷ ತಡವಾದರೆ ಹುಬ್ಬು ಗಂಟಿಕ್ಕುವವರು, ಅಂಕಪಟ್ಟಿಯನ್ನು ಮೊದಲು ಕೆಳಗಿನಿಂದ ಓದುವವರು. ಅಲ್ಲಿ ಅವರು ಅದೇ ವಯಸ್ಸಿನಲ್ಲಿ ನಿಲ್ಲಲಿಲ್ಲ. ಹತ್ತು ಹದಿನೈದು ವರ್ಷದಲ್ಲಿ ಮೆತ್ತಗಾದರು. ಮೊಮ್ಮಗ ಕನ್ನಡಕ ಎಳೆದರೆ ನಗುತ್ತಾರೆ, ರೈಲು ತಪ್ಪಿದರೆ ‘ಇನ್ನೊಂದು ಬರುತ್ತೆ ಬಿಡು’ ಅನ್ನುತ್ತಾರೆ. ಇದು ಒಂದೆರಡು ಮನೆಯ ಮಾತಲ್ಲ. ಒಂದೇ ಜನರನ್ನು ವರ್ಷಗಟ್ಟಲೆ ಗಮನಿಸಿದ 92 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿ 2006ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯೊಂದರ ಪ್ರಕಾರ, ವಯಸ್ಸಾದಂತೆ ಮನುಷ್ಯರು ಸಾಮಾನ್ಯವಾಗಿ ಹೆಚ್ಚು ಜವಾಬ್ದಾರಿಯುತರೂ ಹೊಂದಿಕೊಳ್ಳುವವರೂ ಆಗುತ್ತಾರೆ. ಅಪ್ಪ ತಾವೇ ಕೆಳಗಿಟ್ಟ ಕಟ್ಟುನಿಟ್ಟನ್ನು ನಾವು ಇಲ್ಲಿ ಅವರ ಹೆಸರಿನಲ್ಲಿ ನಡೆಸಿಕೊಂಡು ಬರುತ್ತಿರುತ್ತೇವೆ. ರಜೆಗೆ ಹೋದಾಗ ನಾವು ಮಕ್ಕಳನ್ನು ಗದರಿದರೆ ಅವರೇ ತಡೆಯುತ್ತಾರೆ. ಆಗ ನಮಗಾಗುವ ಗಲಿಬಿಲಿ ಸಣ್ಣದಲ್ಲ.

ಇನ್ನೊಂದು ಕೊರತೆ ಇದಕ್ಕಿಂತ ದೊಡ್ಡದು. ನಲವತ್ತೈದನ್ನು ಬಾಳುವುದು ಹೇಗೆಂದು ನಾವು ಅವರನ್ನು ದಿನವೂ ನೋಡಿ ಕಲಿತೆವು. ಎಪ್ಪತ್ತೈದನ್ನು ಬಾಳುವುದು ಹೇಗೆಂದು ನೋಡಲು ನಾವು ಅಲ್ಲಿಲ್ಲ. ವಿಡಿಯೊ ಕರೆಯಲ್ಲಿ ಕಾಣುವುದು ಮುಖ ಮತ್ತು ಭುಜ. ಅಡುಗೆಮನೆಯಿಂದ ಬರುವಾಗ ಗೋಡೆ ಹಿಡಿದುಕೊಳ್ಳುತ್ತಾರೆಯೇ, ಮಂಚದಿಂದ ಏಳುವ ಮುಂಚೆ ಎಷ್ಟು ಹೊತ್ತು ಅಂಚಿನಲ್ಲಿ ಕೂತಿರುತ್ತಾರೆ, ಗೆಳೆಯರು ಒಬ್ಬೊಬ್ಬರಾಗಿ ಹೋದ ಮೇಲೆ ಸಂಜೆಯನ್ನು ಹೇಗೆ ಕಳೆಯುತ್ತಾರೆ ಎಂಬುದು ಆ ಚೌಕಟ್ಟಿನೊಳಗೆ ಬರುವುದಿಲ್ಲ. ಕರೆ ಬಂದಾಗ ಅವರು ತಲೆ ಬಾಚಿ, ಬೆಳಕಿನ ಕಡೆ ಮುಖ ಮಾಡಿ ಕೂತಿರುತ್ತಾರೆ. ಊರಿಗೆ ಹೋಗುವವರಿಗೆ ನನ್ನದೊಂದು ಮನವಿ. ಓಡಾಟವನ್ನೂ ನೆಂಟರ ಮನೆಗಳನ್ನೂ ಕಡಿಮೆ ಮಾಡಿ, ಕೆಲವು ದಿನವಾದರೂ ಏನೂ ಕಾರ್ಯಕ್ರಮವಿಟ್ಟುಕೊಳ್ಳದೆ ಅವರ ಜೊತೆ ಮನೆಯಲ್ಲಿರಿ. ಅವರ ದಿನ ಹೇಗೆ ಸಾಗುತ್ತದೆಂದು ಬೆಳಗಿನಿಂದ ರಾತ್ರಿಯವರೆಗೆ ನೋಡಿ.

ಹೆತ್ತವರಿಂದ ಬಂದದ್ದೆಲ್ಲ ಒಳ್ಳೆಯದೇ ಆಗಿರಬೇಕೆಂದಿಲ್ಲ. ಕೆಲವರು ಕಂಡ ಅಪ್ಪ ಕೈಯೆತ್ತುವವರು, ಕೆಲವರು ಕಂಡ ಅಮ್ಮ ಮಾತಿನಲ್ಲೇ ಸುಡುವವರು. ‘ನಾನೂ ಹಾಗಾಗಿಬಿಟ್ಟರೆ?’ ಎಂಬ ಹೆದರಿಕೆಯನ್ನು ಹೊತ್ತು ಮಕ್ಕಳನ್ನು ಬೆಳೆಸುತ್ತಿರುವವರು ನಮ್ಮ ನಡುವೆಯೂ ಇದ್ದಾರೆ. ಹುಟ್ಟುಗುಣ ಸುಟ್ಟರೂ ಹೋಗದು ಎಂಬ ಗಾದೆಯನ್ನು ನಾನು ಇಲ್ಲಿ ಒಪ್ಪುವುದಿಲ್ಲ. ಬಾಲ್ಯದಲ್ಲಿ ಹಿಂಸೆಗೆ ಒಳಗಾದವರು ತಮ್ಮ ಮಕ್ಕಳನ್ನೂ ಹಿಂಸಿಸುತ್ತಾರೆಯೇ ಎಂಬ ಬಗ್ಗೆ ಆವರೆಗೆ ನಡೆದಿದ್ದ ಅಧ್ಯಯನಗಳನ್ನು ಪರಿಶೀಲಿಸಿ ಜೋನ್ ಕಾಫ್ಮನ್ ಮತ್ತು ಎಡ್ವರ್ಡ್ ಜಿಗ್ಲರ್ 1987ರಲ್ಲಿ ಕೊಟ್ಟ ಅಂದಾಜು ಸುಮಾರು ಶೇ. 30. ಅಂದರೆ ಹೆಚ್ಚಿನವರು ಅದನ್ನು ಮುಂದುವರಿಸುವುದಿಲ್ಲ. ಮರುವರ್ಷ ಬಂದ ಇನ್ನೊಂದು ಅಧ್ಯಯನ, ಆ ಸರಪಳಿ ಕಡಿದ ತಾಯಂದಿರಲ್ಲಿ ಏನು ಬೇರೆಯಿತ್ತೆಂದು ನೋಡಿತು. ಬಾಲ್ಯದಲ್ಲಿ ಅಕ್ಕರೆ ತೋರಿದ ಇನ್ನೊಬ್ಬ ಹಿರಿಯರು, ಮನಸ್ಸಿನ ಗಾಯಕ್ಕೆ ತೆಗೆದುಕೊಂಡ ಚಿಕಿತ್ಸೆ, ಈಗ ಜೊತೆಗೆ ನಿಲ್ಲುವ ಬಾಳಸಂಗಾತಿ, ಇಂಥ ಆಸರೆಗಳು ಅವರಿಗಿದ್ದವು. ಒಬ್ಬರೇ ಹಲ್ಲು ಕಚ್ಚಿ ಗೆಲ್ಲಬೇಕಾದ ಕೆಲಸ ಇದಲ್ಲ. ಆಪ್ತರೊಡನೆ, ಬೇಕಾದರೆ ತಜ್ಞರೊಡನೆ ಮಾತಾಡಿ. ನಿಮ್ಮ ಮನೆಗೆ ಬಂದುಹೋಗುವ ಬೇರೆಯವರ ಮಕ್ಕಳಿಗೆ ನೀವೇ ಆ ಇನ್ನೊಬ್ಬ ಹಿರಿಯರಾಗಬಹುದು ಎಂಬುದೂ ನೆನಪಿರಲಿ.

ಕೇಳಿ ತಿಳಿಯಬೇಕಾದ ಸಂಗತಿಗಳೂ ಇವೆ. ನಲವತ್ತು ದಾಟಿದ ಮೇಲೆ ವೈದ್ಯರು ‘ತಂದೆಗೆ ಏನಿತ್ತು, ತಾಯಿಗೆ ಏನಿತ್ತು’ ಎಂದು ಕೇಳುತ್ತಾರೆ. ‘ಬಿಪಿ ಇತ್ತು’ ಎಂದರೆ ಸಾಲದು, ಯಾವ ವಯಸ್ಸಿನಲ್ಲಿ ಶುರುವಾಯಿತು ಎಂಬುದು ಮುಖ್ಯ. ತಂದೆಗೋ ಅಣ್ಣತಮ್ಮಂದಿರಿಗೋ 55ರ ಮುಂಚೆ, ತಾಯಿಗೋ ಅಕ್ಕತಂಗಿಯರಿಗೋ 65ರ ಮುಂಚೆ ಹೃದಯದ ರಕ್ತನಾಳದ ಕಾಯಿಲೆ ಬಂದಿದ್ದರೆ ನಮ್ಮ ಅಪಾಯವೂ ಹೆಚ್ಚು ಎಂದು ವೈದ್ಯರು ಎಣಿಸುತ್ತಾರೆ. ದೂರದಲ್ಲಿರುವ ಮಕ್ಕಳಿಗೆ ಗಾಬರಿಯಾಗದಿರಲಿ ಎಂದು ಹಿರಿಯರು ಇಂಥದನ್ನು ಮುಚ್ಚಿಟ್ಟಿರುತ್ತಾರೆ. ನೇರವಾಗಿ ಕೇಳಿ, ಇಸವಿ ಸಮೇತ ಬರೆದಿಟ್ಟುಕೊಳ್ಳಿ.

ಕಾಯಿಲೆಯ ಜೊತೆಗೆ ಬೇರೆಯದನ್ನೂ ಕೇಳಿ. ‘ನನ್ನ ಈಗಿನ ವಯಸ್ಸಿನಲ್ಲಿ ನಿನಗೆ ಯಾವುದರ ಭಯ ಇತ್ತು?’ ಎಂದು ನಾನು ಅಮ್ಮನನ್ನು ಕೇಳಿದೆ. ಅವಳು ಯೋಚಿಸಲೂ ಇಲ್ಲ. ‘ನಿಮ್ಮಪ್ಪನ ಕೆಲಸ ಹೋದರೆ ಏನು ಗತಿ ಅಂತ. ನಿಮಗೆ ಗೊತ್ತಾಗಬಾರದು ಅಂತ ದೀಪ ಆರಿಸಿದ ಮೇಲೆ ಮಾತಾಡ್ತಿದ್ವಿ’ ಅಂದಳು. ಆ ವರ್ಷ ಅವಳು ನಮ್ಮ ಓದಿನ ಮೇಲೆ ಯಾಕೆ ಅಷ್ಟು ಕಿರುಚುತ್ತಿದ್ದಳೆಂದು ನನಗೆ ತಿಳಿದದ್ದು ಆಗ.

ಮುಂದಿನ ಸಂಚಿಕೆಯ ಕೆಲವು ಪುಟಗಳನ್ನು ಇದಕ್ಕೇ ಬಿಟ್ಟಿದ್ದೇವೆ. ತಂದೆಯನ್ನೋ ತಾಯಿಯನ್ನೋ, ಸಾಕಿ ಬೆಳೆಸಿದ ಯಾರನ್ನೋ ಈ ಪ್ರಶ್ನೆ ಕೇಳಿ, ಅವರು ಹೇಳಿದ್ದನ್ನು ಅವರದೇ ಮಾತಿನಲ್ಲಿ ಬರೆದು ಕಳಿಸಿ. ಅವರು ಈಗ ಇಲ್ಲದಿದ್ದರೆ, ಅವರ ವಯಸ್ಸಿಗೆ ಬಂದ ಮೇಲೆ ನಿಮಗೆ ಹೊಸದಾಗಿ ಅರ್ಥವಾದ ಅವರ ಒಂದು ನಡೆಯ ಬಗ್ಗೆ ಬರೆಯಿರಿ. ಹೆಸರು ಹಾಕುವುದು ಬೇಡವೆಂದರೆ ತಿಳಿಸಿ, ಹಾಕುವುದಿಲ್ಲ. ಕೈಬರಹದಲ್ಲಿದ್ದರೂ ಸರಿ, ಟೈಪ್ ಮಾಡುವುದನ್ನು ನಾವು ನೋಡಿಕೊಳ್ಳುತ್ತೇವೆ.