ಸಂಶೋಧನೆ ಶಾಲೆಯ ಅಂಗಳಕ್ಕೂ ಬರಲಿ

ಶಿಕ್ಷಣ ನೀತಿ ಮತ್ತು ಸಮಾನತೆ ಕುರಿತ ನಮ್ಮ ವಿಶ್ವವಿದ್ಯಾಲಯಗಳ ಸಂಶೋಧನೆ ಪೋಷಕರಿಗೂ ತಲುಪಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆ ಖಾಸಗಿ ಶಾಲೆಗಳಲ್ಲಿ ಬಡ ಮಕ್ಕಳಿಗೆ ಶೇ 25ರಷ್ಟು ಸೀಟು ಮೀಸಲಿಟ್ಟಿತು. 2019ರಲ್ಲಿ ರಾಜ್ಯ ಸರ್ಕಾರ ನಿಯಮ ಬದಲಿಸಿತು. ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಆ ಸೀಟು ಇಲ್ಲ ಎಂದಾಯಿತು. ಆಮೇಲೆ ಆ ಮಕ್ಕಳು ಎಲ್ಲಿ ಸೇರಿದರು? ಸರ್ಕಾರಿ ಶಾಲೆಗೆ ಬಂದರೋ, ಮನೆಯವರು ಸಾಲ ಮಾಡಿ ಫೀಸು ಕಟ್ಟಿದರೋ? ಇದನ್ನು ಊರೂರು ತಿರುಗಿ ಕೇಳುವವರು ಬೇಕು, ಅಲ್ವಾ? ಆದರೆ ಇಂಥ ಕೆಲಸ ವರ್ಷಗಟ್ಟಲೆ ಹಿಡಿಯುತ್ತದೆ. ಬಡ ಮನೆಯ ವಿದ್ಯಾರ್ಥಿ ಕೈಯಲ್ಲಿ ಕಾಸಿಲ್ಲದೆ ಅದಕ್ಕೆ ಇಳಿಯುವುದು ಕಷ್ಟ. ಸರ್ಕಾರ ಇದಕ್ಕೆಂದೇ ಫೆಲೋಶಿಪ್ ಕೊಡಲಿ. ಪ್ರಬಂಧದ ಸಾರವನ್ನು ಸರಳ ಕನ್ನಡದಲ್ಲಿ ಅಚ್ಚು ಹಾಕಿಸಿ, ಪೋಷಕರು ಸದಸ್ಯರಾಗಿರುವ ಶಾಲಾಭಿವೃದ್ಧಿ ಸಮಿತಿಯಾದ ಪ್ರತಿ ಎಸ್‌ಡಿಎಂಸಿಗೂ ಕಳುಹಿಸಲಿ.

– ನಿವೃತ್ತ ಶಿಕ್ಷಕಿ, ರಾಯಚೂರು