ವೇಲ್ಸ್ ಪ್ರಚಾರದಲ್ಲಿ ಸಣ್ಣ ಊರುಗಳೂ ಇರಲಿ

ಮಾನ್ಯ ಸಂಪಾದಕರೇ,

ಬ್ರಿಟನ್ನಿನ ಭಾಗವಾದ ವೇಲ್ಸ್‌ನ ವ್ಯಾಪಾರ, ಸಂಸ್ಕೃತಿಯನ್ನು ನಮಗೆ ಪರಿಚಯಿಸುವ ಪ್ರಚಾರದಲ್ಲಿ ಅಲ್ಲಿನ ಸಣ್ಣ ಊರುಗಳು ಕಾಣುವುದೇ ಕಡಿಮೆ. 2024ರಲ್ಲಿ ವೇಲ್ಸ್ ಸರ್ಕಾರ ‘ವೇಲ್ಸ್ ಇನ್ ಇಂಡಿಯಾ’ ಎಂಬ ಪ್ರಚಾರ ವರ್ಷ ನಡೆಸಿತು. ಬೆಂಗಳೂರಿನಲ್ಲಿ ಅದರ ಕಚೇರಿಯೂ ಇದೆ. ಆದರೆ ನಾನು ಓದಿದ ಸುದ್ದಿಗಳಲ್ಲಿ ಹೂಡಿಕೆಯ ಮಾತೇ ಜಾಸ್ತಿ.

ಹೇ-ಆನ್-ವೈ ಎಂಬ ಪುಟ್ಟ ಊರು ಜಗತ್ತಿಗೆ ಗೊತ್ತಾಗಿದ್ದೇ ಹಳೆ ಪುಸ್ತಕದ ಅಂಗಡಿಗಳಿಂದ. 1988ರಿಂದ ಅಲ್ಲಿ ಸಾಹಿತ್ಯ ಉತ್ಸವವೂ ನಡೆಯುತ್ತಿದೆ. ವೇಲ್ಸ್‌ನವರ ವೆಲ್ಶ್ ಭಾಷೆಯ ಕವಿತೆ, ಸಂಗೀತದ ರಾಷ್ಟ್ರೀಯ ಐಸ್ತೆದ್‌ವೊದ್ ಉತ್ಸವವಂತೂ ನಮ್ಮ ಸಾಹಿತ್ಯ ಸಮ್ಮೇಳನದ ಹಾಗೆ ಊರೂರು ಸುತ್ತುತ್ತದೆ. ಇಂಥದ್ದು ಕನ್ನಡಿಗರಿಗೆ ಬೇಗ ಹತ್ತಿರವಾಗುತ್ತದೆ, ಅಲ್ವಾ?

ಬೆಂಗಳೂರಿನ ಕಚೇರಿಯವರು ಅಲ್ಲಿನ ಪುಸ್ತಕ ವ್ಯಾಪಾರಿಗಳು, ಕೇರ್‌ಫಿಲಿ ಚೀಸ್ ಮಾಡುವವರು, ಕವಿಗಳನ್ನು ಇಲ್ಲಿಗೆ ಕರೆಸಲಿ. ಪ್ರಕಟಣೆಗಳನ್ನು ಕನ್ನಡದಲ್ಲೂ ಕೊಡಲಿ.

– ಓದುಗ, ಮೈಸೂರು